ಉರಿಯದ ತಂತಿ

ಗುಂಡ್ಲುಪೇಟೆ ದಾಟಿ ಊಟಿ ರಸ್ತೆ ಹಿಡಿದರೆ ಬಂಡೀಪುರ ಸಿಗುವ ಮುಂಚೆ ಕಾಫಿ, ಎಳನೀರಿನ ಅಂಗಡಿಗಳು ಎದುರಾಗುತ್ತವೆ. ಅವುಗಳಿಗೆ ಈಚೆಗೆ ಒಂದು ಹೊಸ ಚಾಳಿ ಹತ್ತಿದೆ. ಮಾಡಿನಿಂದ ಕರಿ ವೈರು ಇಳಿಬಿಟ್ಟು, ತುದಿಗೆ ಒಳಗೆಲ್ಲ ಕಾಣುವ ಗಾಜಿನ ಬಲ್ಬು ತೂಗುಹಾಕುತ್ತಾರೆ. ಅದರೊಳಗೆ ನಾಲ್ಕು ಹಳದಿ ಕಡ್ಡಿ. ಪ್ರವಾಸಿಗರು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಗಡಿಯವನ ಸ್ವಂತ ಮನೆಯಲ್ಲಿ ಮಾತ್ರ ಹಾಲಿನಂಥ ಬಿಳಿ ಎಲ್ಇಡಿ. ಹಳದಿ ಬೆಳಕು ಬಡವರದು ಎಂದು ಅದನ್ನು ಮನೆಯಿಂದ ಆಚೆ ಹಾಕಿ ಇನ್ನೂ ಬಹಳ ಕಾಲ ಆಗಿಲ್ಲವಲ್ಲ.

ತೆರಕಣಾಂಬಿ ಕಡೆಯ ನಮ್ಮ ಅಜ್ಜಿಯ ಮನೆಗೆ ಇದ್ದದ್ದು ಸರ್ಕಾರದ ಭಾಗ್ಯಜ್ಯೋತಿ ಯೋಜನೆಯ ಒಂದೇ ಬಲ್ಬು. ನಡುಮನೆಗೂ ಅಡುಗೆಮನೆಗೂ ನಡುವಿನ ಗೋಡೆಗೆ ಕಿಂಡಿ ಕೊರೆದು ಅದನ್ನು ಅಲ್ಲಿ ಕೂರಿಸಿದ್ದರು. ಉಣ್ಣುವವರಿಗೆ ಅರ್ಧ, ಬಡಿಸುವವರಿಗೆ ಅರ್ಧ. ಬಲ್ಬು ಹೋದರೆ ಅಜ್ಜಿ ಅದನ್ನು ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಕಡಿದ ತಂತಿ ಒಳಗೊಳಗೇ ಕೊಕ್ಕೆ ಹಾಕಿಕೊಂಡರೆ ಇನ್ನೆರಡು ದಿನಕ್ಕೆ ಬಂತು, ಅದೂ ಮೊದಲಿಗಿಂತ ಜೋರಾಗಿ. ತಂತಿ ಗಿಡ್ಡವಾದ್ದರಿಂದ ಕರೆಂಟು ಹೆಚ್ಚು ಹರಿಯುತ್ತಿತ್ತು, ಅಷ್ಟೆ. ನಮ್ಮ ಜಿಲ್ಲೆಯ ಅಂಚಿನ ಶಿವನಸಮುದ್ರದಲ್ಲಿ 1902ರಲ್ಲೇ ಹುಟ್ಟಿದ ಕರೆಂಟು ಸುಮಾರು 150 ಕಿಲೋಮೀಟರ್ ನಡೆದು ಕೋಲಾರದ ಚಿನ್ನದ ಗಣಿ ಸೇರಿತ್ತು. ಮಗ್ಗುಲಲ್ಲೇ ಇದ್ದ ಅಜ್ಜಿಯ ಗೋಡೆಯ ಕಿಂಡಿಗೆ ಬರಲು ಅದಕ್ಕೆ ಮುಕ್ಕಾಲು ಶತಮಾನವೇ ಹಿಡಿಯಿತು.

ಆ ಬಲ್ಬಿನ ಟಂಗ್‌ಸ್ಟನ್ ತಂತಿ ಎರಡೂವರೆ ಸಾವಿರ ಡಿಗ್ರಿ ಸುಮಾರಿಗೆ ಕಾಯಬೇಕಿತ್ತು. ತಿಂದ ಕರೆಂಟಿನಲ್ಲಿ ಬೆಳಕಾಗಿ ಹೊರಬರುತ್ತಿದ್ದದ್ದು ನೂರಕ್ಕೆ ಐದರ ಆಸುಪಾಸು, ಉಳಿದದ್ದೆಲ್ಲ ಶಾಖ. ಅಂಗಡಿಗಳಲ್ಲಿ ತೂಗುವ ಹೊಸ ಬಲ್ಬಿನಲ್ಲಿ ಏನೂ ಉರಿಯುವುದಿಲ್ಲ, ಅದೂ ಎಲ್ಇಡಿಯೇ. ಹಳದಿ ಕಡ್ಡಿ ಎಂದರೆ ಗಾಜಿನದೋ ಪಿಂಗಾಣಿಯದೋ ಲೋಹದ್ದೋ ಒಂದು ಸಣ್ಣ ಪಟ್ಟಿ. ಅದರ ಮೇಲೆ ಸಾಸಿವೆಗಿಂತ ಸಣ್ಣ ಎಲ್ಇಡಿ ಹರಳುಗಳನ್ನು, ಸಾಮಾನ್ಯವಾಗಿ ಇಪ್ಪತ್ತಕ್ಕಿಂತ ಹೆಚ್ಚನ್ನು, ಒಂದರ ಬೆನ್ನಿಗೊಂದು ಪೋಣಿಸಿರುತ್ತಾರೆ. ಹರಳು ಕೊಡುವುದು ನೀಲಿ ಬೆಳಕು. ಮೇಲೆ ಬಳಿದ ಫಾಸ್ಫರ್ ಲೇಪ ಆ ನೀಲಿಯ ಬಹುಪಾಲನ್ನು ನುಂಗಿ ಹಳದಿ, ಕೆಂಪಾಗಿಸಿ ಬಿಡುತ್ತದೆ. ಈ ನೀಲಿಯನ್ನು ಸಾಧಿಸಿದ್ದಕ್ಕೇ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದದ್ದು.

ಮಾಮೂಲಿ ಎಲ್ಇಡಿ ಬಲ್ಬಿನಲ್ಲಿ ಶಾಖ ಕಳೆಯಲು ಬುಡದಲ್ಲಿ ಅಲ್ಯೂಮಿನಿಯಂ ಇರುತ್ತದೆ. ಇದಕ್ಕೆ ಸುತ್ತಲೂ ಬರೀ ಗಾಜು. ಆದ್ದರಿಂದ ಒಳಗೆ ಹೀಲಿಯಂ ತುಂಬುತ್ತಾರೆ. ಅದು ಗಾಳಿಗಿಂತ ಸುಮಾರು ಆರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಹೀಲಿಯಂ ಎಂದೊಡನೆ ನನಗೆ ಜಾತ್ರೆಯ ಬಲೂನಿನ ಬದಲು ಗುಂಟೂರು ನೆನಪಾಗುತ್ತದೆ. 1868ರ ಆಗಸ್ಟ್ 18ರ ಸೂರ್ಯಗ್ರಹಣ ನೋಡಲು ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಅಲ್ಲಿಗೆ ಬಂದಿದ್ದ. ಆ ವರ್ಷ ಸೂರ್ಯನ ಬೆಳಕಿನಲ್ಲಿ ಕಂಡ ಹಳದಿ ಗೆರೆಯೊಂದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲದ ಅನಿಲದ್ದೆಂದು ಆಮೇಲೆ ತಿಳಿಯಿತು. ಅದೇ ಅನಿಲ ಈಗ ನೂರಿನ್ನೂರು ರೂಪಾಯಿಯ ಬಲ್ಬಿನೊಳಗೆ ಕೂತಿದೆ. ಗಾಜಿಗೆ ಕೂದಲೆಳೆಯ ಬಿರುಕು ಬಂದರೂ ಅದು ಸೋರಿಹೋಗುತ್ತದೆ, ಕಡ್ಡಿಗಳು ಕಾದು ಬೇಗ ಸಾಯುತ್ತವೆ.

ಚಾಮರಾಜನಗರದ ದೊಡ್ಡಂಗಡಿ ಬೀದಿಯಲ್ಲಿ ಇಂಥದೊಂದು ಕೇಳಿದಾಗ ಅಂಗಡಿಯವನು, “ಇದು ಸೋಕಿಗ ಕನಾ ಸಾ. ಬೆಳಕು ಬೇಕಾದ್ರ ಆ ಬಿಳೀದ್ನೇ ತಕ್ಕಳಿ” ಎಂದ. ಅವನದು ಅರ್ಧ ಸರಿ. ನಾಲ್ಕು ವ್ಯಾಟಿನ ಇದು ಹಳೆಯ ನಲವತ್ತರ ಬಲ್ಬಿನಷ್ಟು, ಎಂದರೆ ಸುಮಾರು 400 ಲ್ಯೂಮೆನ್ ಬೆಳಕು ಕೊಡುತ್ತದೆ. ಅಜ್ಜಿಯ ಎರಡು ಕೋಣೆಗೆ ಅಷ್ಟೇ ಸಾಕಾಗಿತ್ತು. ಒಂದು ಕಾಲದಲ್ಲಿ ಮೀಟರು ತಿರುಗುವುದೇ ಇಲ್ಲವೆಂದು ನಂಬಿ ರಾತ್ರಿಯಿಡೀ ಹಚ್ಚಿಡುತ್ತಿದ್ದ ಝೀರೋ ಬಲ್ಬು ಕೂಡ ಹತ್ತು ಹದಿನೈದು ವ್ಯಾಟ್ ಎಳೆಯುತ್ತಿತ್ತು. ಆದರೆ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ವ್ಯಾಟಿನ ಲೆಕ್ಕ ಹೇಳುವವನ ಮಾತನ್ನು ಬೀದಿಯಲ್ಲಿ ಯಾರೂ ನಿಂತು ಕೇಳುವುದಿಲ್ಲ.

ಅಂಗಡಿಯವನು ಹೇಳದೆ ಬಿಟ್ಟದ್ದು ವೋಲ್ಟೇಜಿನ ಸಂಗತಿ. ಅಗ್ಗದ ಬಲ್ಬಿನ ಬುಡದಲ್ಲಿ ದೊಡ್ಡ ಸರ್ಕಿಟ್ಟಿಗೆ ಜಾಗವಿಲ್ಲ. ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡು, ಕರೆಂಟನ್ನು ಹದದಲ್ಲಿಡುವ ಒಂದು ಚಿಪ್ಪು, ಪುಣ್ಯವಿದ್ದರೆ ಒಂದು ಕೆಪಾಸಿಟರ್. ಕಡ್ಡಿಯೊಂದಕ್ಕೆ 70 ವೋಲ್ಟ್ ಎಂದುಕೊಂಡರೆ ಸಾಲಾಗಿ ಕಟ್ಟಿದ ನಾಲ್ಕಕ್ಕೆ 280 ಬೇಕು. ಮನೆಯ 230 ವೋಲ್ಟಿನ ಅಲೆ ತುತ್ತತುದಿಯಲ್ಲಿ 325 ಮುಟ್ಟುವುದರಿಂದ ಇದು ನಡೆಯುತ್ತದೆ. ಊರಿನ ಬೋರ್‌ವೆಲ್ ಮೋಟರುಗಳೆಲ್ಲ ಒಟ್ಟಿಗೆ ಎದ್ದು ಲೈನು 180ಕ್ಕೆ ಕುಸಿಯಿತೆನ್ನಿ. ತುದಿಯೇ 255ಕ್ಕೆ ನಿಲ್ಲುತ್ತದೆ. ಹಳೆ ಬಲ್ಬು ಅಂಥ ಹೊತ್ತಿನಲ್ಲಿ ಕೆಂಪಗೆ ಮುಖ ಊದಿಸಿಕೊಂಡಾದರೂ ಉರಿಯುತ್ತಿತ್ತು. ಇದು ಮಂಕಾಗಿ ಆರಿಯೇ ಹೋಗುತ್ತದೆ. ಒಳ್ಳೆಯ ಡ್ರೈವರ್ ಸರ್ಕಿಟ್ಟು ಇರುವ ಬಿಳಿ ಬಲ್ಬು ಪಕ್ಕದಲ್ಲೇ ಜಗ್ಗದೆ ನಿಂತಿರುತ್ತದೆ.

ಕೆಪಾಸಿಟರಿನಲ್ಲಿ ಜಿಪುಣತನ ಮಾಡಿದ್ದರೆ ಬೆಳಕು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಮೊಬೈಲ್ ಕ್ಯಾಮರಾ ಹಿಡಿದರೆ ಪರದೆಯ ಮೇಲೆ ಕಪ್ಪು ಪಟ್ಟೆಗಳು ಓಡಾಡುವುದು ಕಾಣುತ್ತದೆ. ಅಂಥದರ ಕೆಳಗೆ ಮಕ್ಕಳನ್ನು ಓದಲು ಕೂರಿಸಬೇಡಿ, ಜಗಲಿಗೆ ಹಾಕಿ. ಸ್ವಿಚ್ಚು ಆರಿಸಿದ ಮೇಲೂ ನಡುರಾತ್ರಿ ಕಡ್ಡಿಗಳು ಮಿಣುಕಿದರೆ ದೆವ್ವ ಎನ್ನಬೇಡಿ. ಸ್ವಿಚ್ಚಿನ ಇಂಡಿಕೇಟರ್ ಮೂಲಕವೋ, ಫೇಸ್ ಬದಲು ನ್ಯೂಟ್ರಲ್ಲಿಗೆ ಸ್ವಿಚ್ಚು ಕೂರಿಸಿದ ಹಳೆ ವೈರಿಂಗಿನಿಂದಲೋ ಚೂರು ಕರೆಂಟು ನುಸುಳುತ್ತಿರುತ್ತದೆ. ಎರಡನೆಯದಾದರೆ ವೈರ್‌ಮನ್ ಕರೆಸಲೇಬೇಕು. ಮತ್ತೆ, ಒಂದು ಹರಳಿನ ಕೊಂಡಿ ಕಡಿದರೆ ಸಾಲಿನಲ್ಲಿರುವ ನಾಲ್ಕೂ ಕಡ್ಡಿ ಕತ್ತಲು. ಅಜ್ಜಿಯ ಹಾಗೆ ಅಲ್ಲಾಡಿಸಿ ಪ್ರಯೋಜನವಿಲ್ಲ.

ಇಷ್ಟಾದರೂ ಊಟದ ಮೇಲೆ ಕೂತು ಮಾತಾಡುವ ಜಾಗಕ್ಕೆ ನನಗೆ ಇದೇ ಬೇಕು. ಬಿಳಿ ಬೆಳಕಿನಲ್ಲಿ ನೆಂಟರೆಲ್ಲ ಆಸ್ಪತ್ರೆಗೆ ಬಂದವರಂತೆ ಕಾಣುತ್ತಾರೆ.

ಗುಂಡ್ಲುಪೇಟೆ ಕಡೆ ಸೇವಂತಿಗೆ ಹೊಲಗಳಿಗೂ ರಾತ್ರಿ ಬಲ್ಬು ಹಚ್ಚುತ್ತಾರೆ. ರಾತ್ರಿ ಉದ್ದವಾದರೆ ಮೊಗ್ಗು ಕಟ್ಟುವ ಗಿಡ ಅದು. ಬೆಳಕು ಹಾಯಿಸಿ ರಾತ್ರಿಯನ್ನು ತುಂಡರಿಸಿದರೆ ಹೂ ಮುಂದೂಡಿ ಮೈ ಬೆಳೆಸುತ್ತದೆ. ಕೆಂಪಿನ ಅಂಶವಿರುವ ಬೆಳಕಿಗೆ ಅದು ಚೆನ್ನಾಗಿ ಬಗ್ಗುತ್ತದೆಂದು ಓದಿದ್ದ ನಾನು, ಈ ಹಳದಿ ಕಡ್ಡಿಯದು ಆಗಬಹುದೇ ಎಂದು ಒಬ್ಬ ರೈತನನ್ನು ಕೇಳಿದೆ. “ಆಯ್ತದ ಸಾ, ಯಾಕಾಗಲ್ಲ” ಎಂದ. “ಗಾಳಿ ಬೀಸುದ್ರ ಒಂದಕ್ಕೊಂದು ಬಡ್ಕಂಡು ಗಾಜು ಪುಡಿಯಾಯ್ತದ. ಆಮೇಲ ಹೂ ಕೀಳಕ್ಕ ಬರಿಗಾಲಲ್ಲಿ ಬರೋ ಹೆಂಗಸ್ರಿಗ ಯಾರು ಜವಾಬ್ದಾರಿ? ನಂಗ ಪ್ಲಾಸ್ಟಿಕ್ಕಿಂದೇ ಇರ್ಲಿ.”