ಹಾಲು ಉಕ್ಕುವಷ್ಟರಲ್ಲಿ

ನಲವತ್ತೇಳನೇ ವಯಸ್ಸಿಗೆ ಹತ್ತಿಕೊಂಡ ಚಟ ಇದು. ಬೆಳಿಗ್ಗೆ ಹಾಲು ಕಾಯೋಕಿಟ್ಟು, ಅದು ಉಕ್ಕುವಷ್ಟರಲ್ಲಿ ಮಂಕುತಿಮ್ಮನ ಕಗ್ಗದ ಒಂದು ಪದ್ಯ. ಮೊದಲು ಆ ಹೊತ್ತಿಗೆ ಕೈಯಲ್ಲಿ ಮೊಬೈಲ್ ಇರುತ್ತಿತ್ತು. ಹಾಲು ಆಗಲೂ ಉಕ್ಕುತ್ತಿತ್ತು, ಈಗಲೂ ಉಕ್ಕುತ್ತದೆ. ಒಲೆ ಒರೆಸೋದೇನೂ ತಪ್ಪಿಲ್ಲ.

ಒಟ್ಟು 945 ಪದ್ಯ. ದಿನಕ್ಕೊಂದರಂತೆ ಎರಡೂವರೆ ವರ್ಷಕ್ಕೂ ಮಿಕ್ಕುತ್ತದೆ. ಈಗ 212ರಲ್ಲಿದ್ದೇನೆ, ಗುರುತಿಗೆ ಹಳೇ ಬಸ್ ಟಿಕೆಟ್. ಅರ್ಧಕ್ಕರ್ಧ ಅರ್ಥವಾಗಲ್ಲ. ಅರ್ಥವಾದದ್ದೂ ಆಫೀಸು ಮುಟ್ಟೋ ಹೊತ್ತಿಗೆ ಮರೆತಿರುತ್ತದೆ. ಆದರೂ 'ಇನ್ನೇನಿದೆ ಬಿಡು' ಅನ್ನೋ ನನ್ನ ಗೊಣಗಾಟ ಕಮ್ಮಿಯಾಗಿದೆಯಂತೆ, ಮನೆಯವರ ಮಾತು.

1943ರಲ್ಲಿ ಕಗ್ಗ ಅಚ್ಚಾದಾಗ ಅದನ್ನು ಬರೆದ ಡಿವಿಜಿಯವರಿಗೆ 56 ವರ್ಷ. ಬೆರಳು ಮಡಚಿ ಈ ಲೆಕ್ಕ ಹಾಕಿದ ದಿನ ಮಾತ್ರ ಹಾಲು ಪೂರ್ತಿ ಉಕ್ಕಿ ಒಲೆಯೇ ಆರಿಹೋಗಿತ್ತು.