ಗೋಡೆಯೊಳಗಿನ ಗೂಡು

“ಟೀಚರ್, ಕೆರೆ ಅಂದ್ರ ನೀರಿನ ಕೆರಿ ಏನ್ರೀ?”

ಐದನೇ ತರಗತಿಯ ಹುಡುಗ ಹೀಗೆ ಕೇಳಿದ್ದೇ ತಡ, ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ನಾನು ಹೇಳಹೊರಟಿದ್ದು ನೀರಿನ ಕೆರೆಯ ಕಥೆಯಲ್ಲ, ಫ್ರಾನ್ಸಿಸ್ ಕೆರೆ ಎಂಬ ಮನುಷ್ಯನ ಕಥೆ. 2022ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಕಟ್ಟಡಗಳ ವಿನ್ಯಾಸ ಮಾಡುವವರಿಗೆ ಕೊಡುವ ಬಹು ದೊಡ್ಡ ಪ್ರಶಸ್ತಿ ಅದು. ಆಫ್ರಿಕಾದವರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಪತ್ರಿಕೆಯಲ್ಲಿ ಓದಿದವಳು ಮರುದಿನವೇ ಮಕ್ಕಳಿಗೆ ಹೇಳತೊಡಗಿದ್ದೆ.

ಕೆರೆ ಹುಟ್ಟಿದ್ದು ಬುರ್ಕಿನಾ ಫಾಸೊ ದೇಶದ ಗಾಂಡೊ ಎಂಬ ಹಳ್ಳಿಯಲ್ಲಿ. ಊರಲ್ಲಿ ಶಾಲೆ ಇರಲಿಲ್ಲ. ಏಳನೇ ವಯಸ್ಸಿಗೇ ಮನೆ ಬಿಟ್ಟು ಬೇರೆ ಊರಿಗೆ ಓದಲು ಹೋಗಬೇಕಾಯಿತು. ಅಲ್ಲಿ ಒಂದೇ ಕೋಣೆಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳು, ತಡೆಯಲಾರದ ಸೆಕೆ. ಮುಂದೆ ಬಡಗಿ ಕೆಲಸ ಕಲಿತು, ವಿದ್ಯಾರ್ಥಿವೇತನ ಪಡೆದು ಜರ್ಮನಿಗೆ ಹೋದರು. ಬರ್ಲಿನ್ನಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದಾಗಲೇ ಹಣ ಕೂಡಿಸಿ ತಮ್ಮೂರಿಗೆ ಶಾಲೆ ಕಟ್ಟಲು ಹೊರಟರು.

“ಮಣ್ಣಿನಲ್ಲೇ ಕಟ್ಟೋಣ” ಎಂದಾಗ ಊರವರಿಗೇ ನಂಬಿಕೆ ಬರಲಿಲ್ಲ. ಮಣ್ಣು ಮಳೆಗೆ ಕರಗುವುದನ್ನು ಅವರು ಕಂಡವರು. ಕೆರೆ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಗಟ್ಟಿ ಇಟ್ಟಿಗೆ ಮಾಡಿಸಿದರು. ತಗಡಿನ ಚಾವಣಿಯನ್ನು ಮೇಲೆತ್ತಿ, ಕೆಳಗೆ ಇಟ್ಟಿಗೆಯ ಒಳಚಾವಣಿ ಕೂಡಿಸಿ, ನಡುವೆ ಗಾಳಿಯಾಡಲು ಜಾಗ ಬಿಟ್ಟರು. ಬುನಾದಿಗೆ ಮಕ್ಕಳು ಕಲ್ಲು ತಂದರು, ಹೆಂಗಸರು ನೀರು ಹೊತ್ತರು. 2001ರಲ್ಲಿ ಶಾಲೆ ನಿಂತಿತು. ಮಕ್ಕಳು ಎಷ್ಟು ಹೆಚ್ಚಿದರೆಂದರೆ ಮುಂದೆ ಇನ್ನಷ್ಟು ಕೋಣೆಗಳನ್ನು ಕಟ್ಟಬೇಕಾಯಿತು.

ಇದನ್ನೆಲ್ಲ ಕೇಳುತ್ತಿದ್ದ ನನ್ನ ಮಕ್ಕಳೂ ತಗಡಿನ ಕೆಳಗೇ ಕುಳಿತಿದ್ದರು. ಕೊಪ್ಪಳ ಜಿಲ್ಲೆಯ ಸಣ್ಣ ಊರು ಅದು. ದೀಪಾವಳಿ ಮುಗಿಯಿತೆಂದರೆ ಅರ್ಧ ಊರು ಕೆಲಸ ಹುಡುಕಿ ಗುಳೆ ಹೋಗುತ್ತಿತ್ತು. ಕೆಲವು ಮಕ್ಕಳು ಅಜ್ಜ ಅಜ್ಜಿಯ ಹತ್ತಿರ ಉಳಿಯುತ್ತಿದ್ದರು, ಉಳಿದವರು ಅಪ್ಪ ಅಮ್ಮನ ಹಿಂದೆ ಹೋಗುತ್ತಿದ್ದರು. ಹೋದವರಲ್ಲಿ ಎಷ್ಟೋ ಮಂದಿ ಮತ್ತೆ ಶಾಲೆಗೆ ಬರುತ್ತಲೇ ಇರಲಿಲ್ಲ.

ಆ ವರ್ಷ ನಮಗೆ ಒಂದು ಹೊಸ ಕೋಣೆ ಮಂಜೂರಾಗಿತ್ತು. ಎಂಜಿನಿಯರ್ ಬರುವ ಮೊದಲು ನಾನು ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು, “ಕೋಣೆ ಹೆಂಗಿರಬೇಕು, ಬರೀರಿ” ಎಂದೆ. ಬಣ್ಣದ ಗೋಡೆ, ಜೋಕಾಲಿ ಬರೆದಾರು ಅಂದುಕೊಂಡಿದ್ದೆ. ಒಬ್ಬ ಕಿಟಕಿಯನ್ನು ನೆಲದ ಹತ್ತಿರ ಇಳಿಸಿದ್ದ: “ಕುಂತರ ನಮಗ ಗಾಳೀನ ತಾಗಂಗಿಲ್ರೀ.” ಒಂದನೇ ತರಗತಿಯವರು ಕೈಗೆ ಎಟಕುವಂಥ ನಳ ಕೇಳಿದರು. ದೊಡ್ಡ ಹುಡುಗಿಯರು ಕೋಣೆಯ ಚಿತ್ರದ ಪಕ್ಕದಲ್ಲೇ ಶೌಚಾಲಯ ಬರೆದು, ಅದರ ಬಾಗಿಲಿಗೆ ಒಳಚಿಲಕ ಹಾಕಿದ್ದರು. ಅಷ್ಟು ದಿನ ಆ ಚಿಲಕ ಇಲ್ಲದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯಾಯಿತು. ಅದನ್ನು ಮರುದಿನವೇ ಹಾಕಿಸಿದೆ.

ಯಾವಾಗಲೂ ಮೂಲೆಯಲ್ಲಿ ಸುಮ್ಮನೆ ಕೂರುತ್ತಿದ್ದ ಒಬ್ಬ ಹುಡುಗಿ ಮಾತ್ರ ಬರೀ ಗೋಡೆ ಬರೆದು, ಅದರ ತುಂಬ ಚೌಕಗಳನ್ನು ಎಳೆದಿದ್ದಳು.

“ಇದು ಏನವ್ವ?”

“ಗೂಡು ರೀ. ದೀಪ ಇಡೋ ಗೂಡು ಇರತಾವಲ್ರೀ, ಹಂಗ. ನಾವು ಗುಳೆ ಹೋದಾಗ ಪುಸ್ತಕ ಇಲ್ಲೇ ಇಟ್ಟು ಹೋಗತೀನ್ರೀ. ನನ್ನ ಹೆಸರು ಬರೀಬೇಕ್ರೀ. ಆಗ ನನ್ನ ಜಾಗ ಯಾರೂ ತಗೊಳ್ಳಂಗಿಲ್ಲ.”

ನನಗೆ ಮಾತು ಹೊರಡಲಿಲ್ಲ.

ಎಂಜಿನಿಯರ್ ಹಾಳೆಗಳನ್ನು ತಾಳ್ಮೆಯಿಂದಲೇ ನೋಡಿದರು. ಕಿಟಕಿ ಇಳಿಸಲು, ನಳ ಕೆಳಗಿಡಲು ಒಪ್ಪಿದರು. “ಗೂಡು ಅಂದಾಜುಪಟ್ಟಿಯಲ್ಲಿ ಇಲ್ಲ ಮೇಡಂ” ಎಂದರು. ಪಕ್ಕದಲ್ಲಿದ್ದ ಮುದುಕ ಗೌಂಡಿ ಬೀಡಿ ಆರಿಸಿ, “ಒಂಬತ್ತು ಇಂಚಿನ ಗ್ವಾಡಿ ಐತಿ. ಅರ್ಧ ಇಟ್ಟಂಗಿ ಬಿಟ್ಟು ಕಟ್ಟಿದರ ಆತು, ರೊಕ್ಕ ಹೆಚ್ಚಿಗಿ ಹತ್ತಂಗಿಲ್ಲ” ಎಂದ. ಎಂಜಿನಿಯರ್ ನಕ್ಕು ತಲೆಯಾಡಿಸಿದರು.

ಗುಳೆ ಹೋಗುವ ಮಕ್ಕಳು ಇಪ್ಪತ್ತೆರಡು, ಗೂಡುಗಳೂ ಇಪ್ಪತ್ತೆರಡು. ಊರಲ್ಲಿ ಉಳಿಯುವ ಅಜ್ಜ ಅಜ್ಜಿಯರು ಗೂಡಿನ ತಳಕ್ಕೆಂದು ಮನೆಯಲ್ಲಿದ್ದ ಫರಸಿಕಲ್ಲಿನ ತುಂಡುಗಳನ್ನು ತಲೆಯ ಮೇಲೆ ಹೊತ್ತು ತಂದರು. ಹೆಸರುಗಳನ್ನು ಮಕ್ಕಳೇ ಬರೆದರು. ದೀಪಾವಳಿ ಮುಗಿದು ಊರು ಖಾಲಿಯಾಗುವಾಗ ಒಬ್ಬೊಬ್ಬರೇ ಬಂದು ಪುಸ್ತಕ ಜೋಡಿಸಿಟ್ಟು ಹೋದರು. ಆ ಹುಡುಗಿ ಮಗ್ಗಿ ಪುಸ್ತಕವನ್ನು ಮಾತ್ರ ಚೀಲದಲ್ಲಿ ಇಟ್ಟುಕೊಂಡಳು.

ಅವಳ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಪ್ರತಿ ಸೋಮವಾರ ಶಾಲೆಗೆ ಬಂದು, ಮೊಮ್ಮಗಳದಷ್ಟೇ ಅಲ್ಲ, ಎಲ್ಲ ಗೂಡುಗಳ ಧೂಳನ್ನೂ ಸೆರಗಿನಿಂದ ಒರೆಸುತ್ತಿದ್ದರು. “ಯಾರ್ದು ಯಾವುದು ನನಗೇನು ಗೊತ್ತವ್ವ? ಎಲ್ಲಾ ನಮ್ಮ ಹುಡುಗರವೇ” ಎನ್ನುತ್ತಿದ್ದರು.

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಏನಿದ್ದರೆ ಚೆನ್ನ ಎಂದು ಯಾರೂ ಕೇಳದಿದ್ದರೂ ಒಂದು ಹಾಳೆಯಲ್ಲಿ ಬರೆದಿಡಿ. ದೊಡ್ಡವರಿಗೆ ಕಾಣದ್ದು ನಿಮಗೆ ಕಾಣುತ್ತದೆ. ಹಿರಿಯರೇ, ಆ ಹಾಳೆಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಹುಡುಗಿ ಬಸ್ಸಿಳಿದವಳು ಮನೆಗೂ ಹೋಗದೆ ನೇರ ಶಾಲೆಗೆ ಬಂದಳು. ಗೂಡಿನ ಮುಂದೆ ನಿಂತು, ಕಲ್ಲಿನ ಮೇಲೆ ಬೆರಳು ಎಳೆದು ನೋಡಿದಳು. “ಧೂಳಾ ಇಲ್ರೀ ಟೀಚರ್!” ಎಂದು ಕೂಗಿದಳು. ಅಷ್ಟು ದೊಡ್ಡ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎಲ್ಲರೂ ಬರಲಿಲ್ಲ. ಮೂವರ ಪುಸ್ತಕಗಳು ಹಾಗೇ ಉಳಿದವು. ನಾನು ನಿವೃತ್ತಳಾಗುವ ದಿನ, ನನ್ನ ಜಾಗಕ್ಕೆ ಬಂದ ಮೇಷ್ಟ್ರಿಗೆ ಬೀಗದ ಕೈ ಕೊಡುವಾಗ ಒಂದೇ ಮಾತು ಕೇಳಿಕೊಂಡೆ: “ಸರ್, ಗೋಡೆಗೆ ಸುಣ್ಣ ಬಳಿಸುವಾಗ ಆ ಮೂರು ಹೆಸರು ಅಳಿಸಬೇಡಿ.”