ತೇರು ಸಾಗುವ ಮುನ್ನ

ತುಂಗಭದ್ರೆಯ ದಂಡೆಯ ಹಡಗಲಿ ಸೀಮೆಯಿಂದ ಹೊರಟು, ಹಗರಿಬೊಮ್ಮನಹಳ್ಳಿ, ಕೊಟ್ಟೂರುಗಳನ್ನು ಹಾದು, ಕೂಡ್ಲಿಗಿಯ ಕಲ್ಲುಗುಡ್ಡಗಳನ್ನು ಸೇರುವ ಪ್ರಯಾಣಿಕನಿಗೆ ನೆಲದ ಬಣ್ಣ ಬದಲಾಗುವುದು ಕಾಣುತ್ತದೆ. ಎರೆಯ ಕಪ್ಪು ಕಳೆದು ಮಸಾರಿಯ ಕೆಂಪು ತೊಡಗುತ್ತದೆ. ಜಾತಿಗಳ ಮೇಲುಕೀಳೂ ಈ ಸೀಮೆಯಲ್ಲಿ ಸ್ಥಳಕ್ಕೊಂದು ಬಣ್ಣ ತಳೆಯುತ್ತದೆ. ಅದನ್ನು ಕಾಣಲು ಮಾತ್ರ ಜಾತ್ರೆಯ ಕಾಲದಲ್ಲಿಯೇ ಬರಬೇಕು.

ಮಾಘ ಬಹುಳದಲ್ಲಿ ಕೊಟ್ಟೂರೇಶ್ವರನ ತೇರು. ವೀರಶೈವ ಪರಂಪರೆಯ ಈ ಗುರುವಿನ ಪಲ್ಲಕ್ಕಿ ಹಿರೇಮಠದಿಂದ ಹೊರಟು ತೇರಿನ ಬಳಿಗೆ ಬರುವ ಹಾದಿಯಲ್ಲಿ, ದಲಿತ ಕೇರಿಯ ಹೆಣ್ಣುಮಗಳೊಬ್ಬಳು ಉಪವಾಸವಿದ್ದು ಆರತಿ ಬೆಳಗಬೇಕು. ಬಳಿಕ ಮೂಲಾ ನಕ್ಷತ್ರ ಕೂಡಿದಾಗಲೇ ತೇರಿನ ಗಾಲಿ ಉರುಳುವುದು. ಸಾವಿರಾರು ಜನ ಅಲ್ಲಿಯವರೆಗೂ ಕಾಯುತ್ತಾರೆ. ಆ ಒಂದು ಗಳಿಗೆ ಊರಿನ ಯಾವ ಗೌಡನೂ ಆಕೆಗಿಂತ ಮುಂದಲ್ಲ. ಮರುದಿನ ಊರಿನ ಲೆಕ್ಕವೇನು ಎಂದು ಕೇಳುವವನಿಗೆ ತೇರು ಉತ್ತರ ಹೇಳುವುದಿಲ್ಲ.

ಸಮೀಪದ ಉಜ್ಜಿನಿ ವೀರಶೈವ ಪಂಚಪೀಠಗಳಲ್ಲೊಂದು. ಅಲ್ಲಿಯ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ಎಣ್ಣೆಯ ಅಭಿಷೇಕ ನಡೆಯುತ್ತದೆ. ಅದರಲ್ಲಿ ಮೊದಲ ಮರ್ಯಾದೆ ಜರಿಮಲೆಯ ಪಾಳೆಯಗಾರರ ಮನೆತನದಿಂದ ಬಂದ ಎಣ್ಣೆಗೆ. ಮನೆತನ ಬೇಡರದು; ಹರಪನಹಳ್ಳಿಯನ್ನು ಆಳಿದವರೂ ಬೇಡರೇ. ಕತ್ತಿ ಹಿಡಿದವರಿಗೆ ಶಾಸ್ತ್ರ ದಾರಿ ಬಿಟ್ಟುಕೊಟ್ಟಿತೆನ್ನಬೇಕು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿಯಾದರೋ ಕತ್ತಿಯೂ ಬೇಕಿಲ್ಲ. ಕಂಬಳಿ ಹೊದ್ದ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಮಾತಿನ ಕಾರಣಿಕದಲ್ಲಿ ಎಲ್ಲ ಜಾತಿಯ ರೈತರೂ ಮಳೆಬೆಳೆಯ ಅರ್ಥವನ್ನು ಹುಡುಕುತ್ತಾರೆ.

ಸರಕಾರದ ಪಟ್ಟಿ ಇನ್ನೊಂದು ಬಗೆ. 1953ರ ಅಕ್ಟೋಬರ್ 1ರಂದು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆ ಒಡೆಯಿತು. ಈ ಸೀಮೆ ಮೈಸೂರಿಗೆ, ರಾಯದುರ್ಗ, ಆದವಾನಿ, ಆಲೂರುಗಳು ಆಂಧ್ರಕ್ಕೆ. ಕೂಡ್ಲಿಗಿಯ ಬೇಡ ನಾಯಕರು 1991ರಿಂದ ಪರಿಶಿಷ್ಟ ಪಂಗಡ. ರಾಯದುರ್ಗದ ಬೋಯರು ಹಿಂದುಳಿದ ವರ್ಗ. ಲಂಬಾಣಿಗಳದು ಇದಕ್ಕೆ ತೀರ ತಿರುಗುಮುರುಗು: ಇಲ್ಲಿಯ ತಾಂಡಾದವರು ಪರಿಶಿಷ್ಟ ಜಾತಿ, ಅಲ್ಲಿಯವರು ಪಂಗಡ. ಬೀಗತನಕ್ಕೆ ಗಡಿಯಿಲ್ಲ, ಅರ್ಜಿಗೆ ಉಂಟು. 2021ರಲ್ಲಿ ಈ ಐದೂ ಊರುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಪಟ್ಟಿ ಮಾತ್ರ ಹಾಗೆಯೇ ಉಳಿಯಿತು.

ಕೊಟ್ಟೂರಿನ ಆರತಿಯನ್ನು ಕಂಡು ಮನಸ್ಸು ತುಂಬಿಕೊಂಡವರು ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಬೆಟ್ಟವನ್ನೂ ಹತ್ತಬೇಕು. ಅಲ್ಲಿ ಭರತ ಹುಣ್ಣಿಮೆಯಂದು ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುತ್ತಿದ್ದರು. ಬಹುಮಟ್ಟಿಗೆ ಅವರೂ ದಲಿತ ಕೇರಿಗಳ ಮಕ್ಕಳೇ. ಒಂದೆಡೆ ಆರತಿಯ ತಟ್ಟೆ, ಇನ್ನೊಂದೆಡೆ ಕೊರಳ ಮುತ್ತು. ಎರಡಕ್ಕೂ ದೇವಿಯ ಸೇವೆ, ದೇವರ ಸೇವೆ ಎಂಬ ಹೆಸರೇ. 1982ರ ಕಾಯಿದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು. ಆದರೂ ಮುತ್ತು ಕಟ್ಟಿಸಿಕೊಂಡ ತಾಯಿ ಮಗುವಿನ ಕೈಹಿಡಿದು ಶಾಲೆಯ ಬಾಗಿಲಿಗೆ ಬಂದಾಗ, ಅರ್ಜಿಯಲ್ಲಿ ಜಾತಿಯ ಕಾಲಮಿಗಿಂತ ಮೊದಲು ತಂದೆಯ ಹೆಸರಿನ ಕಾಲಮು ಎದುರಾಗುತ್ತಿತ್ತು.